ನಲವತ್ತೊಂದು ದಿನ ಆ ತುಡಿತ ಎಲ್ಲಿರುತ್ತದೆ?

ಅಯೋವಾ ವಿಶ್ವವಿದ್ಯಾಲಯದ ಸಂಶೋಧನಾ ದಾಖಲೆಗಳಲ್ಲಿ ಅವನ ಹೆಸರು ಬರೀ ‘ಎನ್’. ಹದಿನಾಲ್ಕನೇ ವಯಸ್ಸಿಗೇ ಸಿಗರೇಟು ಹಿಡಿದವನು. 28 ಆಗುವಷ್ಟರಲ್ಲಿ ದಿನಕ್ಕೆ 40ಕ್ಕೂ ಹೆಚ್ಚು ಸೇದುತ್ತಿದ್ದ. ಅದೂ ಫಿಲ್ಟರ್ ಇಲ್ಲದ್ದು. ಸಿಗರೇಟೆಂದರೆ ಅವನಿಗೆ ಪ್ರಾಣ, ಬಿಡುವ ಯೋಚನೆಯೇ ಇರಲಿಲ್ಲ. ಆ 28ನೇ ವಯಸ್ಸಿನಲ್ಲೇ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆ ಸೇರುವ ಹಿಂದಿನ ಸಂಜೆ ಸೇದಿದ್ದೇ ಕಡೆಯದು. ಆಮೇಲೆ ಅವನು ಸಿಗರೇಟು ಮುಟ್ಟಲೇ ಇಲ್ಲ. ಅದಕ್ಕಾಗಿ ಒದ್ದಾಡಲೂ ಇಲ್ಲ, ಹಲ್ಲು ಕಚ್ಚಿ ತಡೆದುಕೊಳ್ಳಲೂ ಇಲ್ಲ. ಯಾಕೆ ಬಿಟ್ಟೆ ಎಂದು ಕೇಳಿದ ಸಂಶೋಧಕರಿಗೆ ಅವನು ಹೇಳಿದ್ದರ ತಿರುಳು ಇಷ್ಟು: ನನ್ನ ದೇಹಕ್ಕೆ ಆ ತುಡಿತವೇ ಮರೆತುಹೋಯಿತು.

ಮರೆತುಹೋಯಿತಂತೆ! ಇಪ್ಪತ್ತು ಮೂವತ್ತು ವರ್ಷ ಸೇದಿದ ಯಾರಿಗಾದರೂ ಈ ಮಾತು ಹೇಳಿ ನೋಡಿ, ನಂಬುವುದಿಲ್ಲ. ಮಗಳ ತಲೆ ಮುಟ್ಟಿ ಆಣೆ ಇಟ್ಟವರನ್ನು ನಾವೆಲ್ಲ ನೋಡಿದ್ದೇವೆ. ಯುಗಾದಿಗೆ ಬಿಡುತ್ತೇನೆ, ಮಗನ ಮದುವೆಗೆ ಬಿಡುತ್ತೇನೆ ಎಂದು ಮುಹೂರ್ತ ಇಟ್ಟುಕೊಂಡವರನ್ನೂ ನೋಡಿದ್ದೇವೆ. ಬೆಳಿಗ್ಗೆ ತುಂಬಿದ ಪ್ಯಾಕನ್ನು ಮುರಿದು ಮೋರಿಗೆ ಎಸೆದು, ಸಂಜೆಯ ಹೊತ್ತಿಗೆ ಗೂಡಂಗಡಿಯ ಮುಂದೆ ತಲೆ ತಗ್ಗಿಸಿ ನಿಂತವರು ಎಷ್ಟು ಜನ! ಅಷ್ಟೆಲ್ಲ ಆಣೆ ಪ್ರಮಾಣಗಳಿಗೆ ಬಗ್ಗದ ಚಟ ಒಬ್ಬ ಮನುಷ್ಯನಿಂದ ಒಂದೇ ರಾತ್ರಿಯಲ್ಲಿ ಕಳಚಿ ಬಿದ್ದದ್ದು ಹೇಗೆ?

ಆ ಪ್ರಶ್ನೆಯ ಬೆನ್ನು ಹತ್ತಿದವರು ನಾಸಿರ್ ನಖ್ವಿ, ಆಂಟೊಯಿನ್ ಬೆಚಾರಾ ಮತ್ತು ಅವರ ಜೊತೆಗಾರರು. ಮಿದುಳಿಗೆ ಪೆಟ್ಟು ಬಿದ್ದ 69 ಮಂದಿ ಧೂಮಪಾನಿಗಳ ದಾಖಲೆಗಳನ್ನು ಅವರು ಬಿಡಿಸಿ ನೋಡಿದರು. ಅವರಲ್ಲಿ 19 ಜನರಿಗೆ ಪೆಟ್ಟು ಬಿದ್ದಿದ್ದು ‘ಇನ್ಸುಲಾ’ ಎಂಬ ಜಾಗಕ್ಕೆ. ಮಿದುಳಿನ ಎರಡೂ ಪಕ್ಕಗಳಲ್ಲಿ, ಕಿವಿಯ ಮೇಲ್ಭಾಗದ ನೇರಕ್ಕೆ, ಮಡಿಕೆಗಳ ಒಳಗೆ ಹುದುಗಿರುವ ಭಾಗ ಇದು. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಹಸಿವು, ಬಾಯಾರಿಕೆ, ಎದೆಬಡಿತ, ಉಸಿರುಗಟ್ಟುವಿಕೆ ಹೀಗೆ ದೇಹದ ಒಳಗಿನ ಸುದ್ದಿಯನ್ನೆಲ್ಲ ನಮ್ಮ ಅರಿವಿಗೆ ತರುವುದು ಇದೇ. ಆ 19ರಲ್ಲಿ 13 ಜನ ಸಿಗರೇಟು ಬಿಟ್ಟಿದ್ದರು. ಆ 13ರಲ್ಲಿ 12 ಜನ ಬಿಟ್ಟ ರೀತಿ ‘ಎನ್’ ಬಿಟ್ಟ ರೀತಿಯೇ: ಒಂದು ದಿನದೊಳಗೆ, ಸಲೀಸಾಗಿ, ಮತ್ತೆ ಹಿಂತಿರುಗದಂತೆ, ತುಡಿತವೇ ಇಲ್ಲದೆ. 2007ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ವರದಿ ಬಂದಾಗ ಚಟದ ಬಗ್ಗೆ ಅಧ್ಯಯನ ಮಾಡುವ ಜಗತ್ತೇ ಬೆಚ್ಚಿತು. 2022ರಲ್ಲಿ ಫಿನ್ಲೆಂಡಿನ ಯುಹೊ ಯೌಟ್ಸಾ ಮತ್ತು ಬಾಸ್ಟನ್ನಿನ ಮೈಕೆಲ್ ಫಾಕ್ಸ್ ಅವರ ತಂಡ ಇನ್ನೂ ದೊಡ್ಡದಾಗಿ, 129 ಮಂದಿ ಧೂಮಪಾನಿಗಳ ಮಿದುಳಿನ ಚಿತ್ರಗಳನ್ನು ಹರಡಿಕೊಂಡು ಕೂತಿತು. ಅವರಲ್ಲಿ 34 ಜನರ ಚಟ ಪೆಟ್ಟಿನೊಂದಿಗೇ ಹೊರಟುಹೋಗಿತ್ತು. ಪೆಟ್ಟು ಬಿದ್ದ ಜಾಗಗಳು ಬೇರೆ ಬೇರೆ ಆದರೂ ಅವೆಲ್ಲ ಒಂದೇ ನರಜಾಲಕ್ಕೆ ಸೇರಿದ್ದವು! ಚಟಕ್ಕೆ ಮಿದುಳಿನಲ್ಲಿ ಒಂದು ವಿಳಾಸವಿದೆ ಎಂದಾಯಿತು. ತಲೆಬುರುಡೆ ತೆರೆಯದೆ, ಹೊರಗಿನಿಂದಲೇ ಕಾಂತೀಯ ಸ್ಪಂದನಗಳನ್ನು ಹಾಯಿಸಿ ಆ ಭಾಗಗಳನ್ನು ತಟ್ಟುವ ಯಂತ್ರವೊಂದಕ್ಕೆ ಅಮೆರಿಕದ ಔಷಧ ಪ್ರಾಧಿಕಾರ 2020ರಲ್ಲೇ, ಸಿಗರೇಟು ಬಿಡಿಸಲೆಂದೇ, ಅನುಮತಿ ಕೊಟ್ಟಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಯಂತ್ರವಲ್ಲ, ಆ ವಿಳಾಸ. ಮನೆಮನೆಗಳಲ್ಲಿ ನಾವು ಆಡುತ್ತಾ ಬಂದಿರುವ ಮಾತೇನು? ‘ಅವನಿಗೆ ಮನಸ್ಸು ಗಟ್ಟಿ ಇಲ್ಲ.’ ‘ಮನಸ್ಸಿದ್ದರೆ ಮಾರ್ಗ, ಇವನಿಗೆ ಮನಸ್ಸೇ ಇಲ್ಲ.’ ‘ಎನ್’ಗೆ ರಾತ್ರೋರಾತ್ರಿ ಮನಸ್ಸು ಗಟ್ಟಿಯಾಯಿತೇ? ಅವನ ಗುಣ ಬದಲಾಯಿತೇ? ಇಲ್ಲ. ಬದಲಾದದ್ದು ತುಡಿತ. ಹಾಗಾದರೆ ಬಿಡಲಾಗದ ಮನುಷ್ಯನನ್ನು ನಾವು ಇಷ್ಟು ಕಾಲ ಬೈದದ್ದು ಯಾವುದಕ್ಕೆ?

ಎದುರಾಳಿಯ ಬಲ ಎಷ್ಟೆಂದು ಒಮ್ಮೆ ನೋಡಿ. ಎಳೆದ ಹೊಗೆಯಲ್ಲಿರುವ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕಿಳಿದು ಮಿದುಳು ಮುಟ್ಟಲು ಬೇಕಾಗುವುದು ಹತ್ತಿಪ್ಪತ್ತು ಸೆಕೆಂಡು. ಅಲ್ಲಿ ಅದಕ್ಕೆಂದೇ ಕಾದಂತಿರುವ ಗ್ರಾಹಕಗಳಿಗೆ ಅಂಟಿಕೊಂಡು ಡೋಪಮಿನ್ ಚಿಮ್ಮಿಸುತ್ತದೆ. ಒಂದು ಸಿಗರೇಟಿಗೆ ಹತ್ತು ದಮ್ಮು, ದಿನಕ್ಕೊಂದು ಪ್ಯಾಕು ಎಂದಿಟ್ಟುಕೊಂಡರೂ ವರ್ಷಕ್ಕೆ 73,000 ಸಲ ಮಿದುಳಿಗೆ ಅದೇ ಪಾಠ. ಮೂವತ್ತು ವರ್ಷಕ್ಕೆ ಹೆಚ್ಚುಕಡಿಮೆ 22 ಲಕ್ಷ ಸಲ! ಯಾವ ಮಂತ್ರವನ್ನು, ಯಾವ ಮಗ್ಗಿಯನ್ನು, ಯಾರ ಹೆಸರನ್ನು ನಾವು 22 ಲಕ್ಷ ಸಲ ಹೇಳಿದ್ದೇವೆ? ಲಾಸ್ ಏಂಜಲೀಸಿನ ಆರ್ಥರ್ ಬ್ರಾಡಿ ಅವರ ತಂಡ 2006ರಲ್ಲಿ ಧೂಮಪಾನಿಗಳ ಮಿದುಳನ್ನು ಸ್ಕ್ಯಾನ್ ಮಾಡಿ ಕಂಡದ್ದನ್ನು ಕೇಳಿ: ಒಂದೆರಡು ದಮ್ಮು ಎಳೆದರೆ ಸಾಕು, ಮುಖ್ಯವಾದ ನಿಕೋಟಿನ್ ಗ್ರಾಹಕಗಳಲ್ಲಿ ಅರ್ಧದಷ್ಟು ತುಂಬಿಹೋಗುತ್ತವೆ. ಪೂರ್ತಿ ಸಿಗರೇಟು ಸೇದಿದರೆ ಶೇ. 88ಕ್ಕೂ ಹೆಚ್ಚು. ‘ಒಂದೇ ಒಂದು ದಮ್ಮು ಕೊಡೋ’ ಎಂದು ಗೆಳೆಯನ ಕೈಯಿಂದ ಇಸಕೊಳ್ಳುವ ಆ ಒಂದು ಎಳೆತ ಸಣ್ಣದಲ್ಲ, ಸಣ್ಣದಲ್ಲವೇ ಅಲ್ಲ.

ಇಷ್ಟಾದ ಮೇಲೆ, ರಕ್ತದಲ್ಲಿ ನಿಕೋಟಿನ್ ಇಳಿದಂತೆಲ್ಲ ತುಡಿತ ಏರಲೇಬೇಕಲ್ಲ? ನಾನೂ ಹಾಗೆಂದೇ ಓದುತ್ತಾ ಬಂದೆ. ಅಷ್ಟರಲ್ಲಿ ಇಸ್ರೇಲಿನ ವಿಮಾನ ಪರಿಚಾರಕರ ಕಥೆ ಸಿಕ್ಕಿತು.

ಟೆಲ್ ಅವೀವ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರೂವೆನ್ ಡಾರ್ ಅವರಿಗೆ ಹೊಳೆದ ಉಪಾಯ ಎಷ್ಟು ಸರಳ, ಎಷ್ಟು ಚಂದ! ವಿಮಾನದಲ್ಲಿ ಸೇದುವಂತಿಲ್ಲ. ಸೇದುವ ಚಟವಿರುವ ಪರಿಚಾರಕರು ಒಮ್ಮೆ ಯುರೋಪಿಗೆ ಹೋಗಿಬರುತ್ತಾರೆ. ಒಂದೊಂದು ಹಾರಾಟ ಮೂರರಿಂದ ಐದು ಗಂಟೆ. ಇನ್ನೊಮ್ಮೆ ನ್ಯೂಯಾರ್ಕಿನಂಥ ದೂರದೂರಿಗೆ; ಹತ್ತು ಗಂಟೆಗೂ ಮೇಲೆ. ದಾರಿಯುದ್ದಕ್ಕೂ ಆಗಾಗ್ಗೆ ಅವರು ತಮ್ಮ ತುಡಿತ ಎಷ್ಟಿದೆ ಎಂದು ಗುರುತು ಹಾಕಬೇಕು. ತುಡಿತಕ್ಕೆ ನಿಕೋಟಿನ್ ಕೊರತೆಯೊಂದೇ ಕಾರಣವಾಗಿದ್ದರೆ ನ್ಯೂಯಾರ್ಕ್ ಹಾರಾಟದ ಕೊನೆಯಲ್ಲಿ ಅವರಿಗೆ ಹುಚ್ಚು ಹಿಡಿಯಬೇಕಿತ್ತು. 2010ರಲ್ಲಿ ಪ್ರಕಟವಾದ ಫಲಿತಾಂಶ ಏನು ಗೊತ್ತೇ? ಹಾರಾಟ ಎಷ್ಟು ಗಂಟೆಯದು ಎಂಬುದಕ್ಕೂ ತುಡಿತದ ಜೋರಿಗೂ ಸಂಬಂಧವೇ ಕಾಣಲಿಲ್ಲ! ತುಡಿತ ಏರಿದ್ದು ವಿಮಾನ ಇಳಿಯುವ ಹೊತ್ತು ಹತ್ತಿರವಾದಂತೆ. ಯುರೋಪಿನಲ್ಲಿ ಇಳಿಯಲಿರುವವನಿಗೆ ನಾಲ್ಕನೇ ಗಂಟೆಗೆ ತಡೆಯಲಾಗದಂಥ ತುಡಿತ. ಅದೇ ನಾಲ್ಕನೇ ಗಂಟೆಯಲ್ಲಿ, ಇನ್ನೂ ಅರ್ಧ ದಾರಿಯೂ ಸಾಗದ ನ್ಯೂಯಾರ್ಕ್ ವಿಮಾನದಲ್ಲಿ, ಅದೇ ಮನುಷ್ಯ ಅದಕ್ಕಿಂತ ಎಷ್ಟೋ ನೆಮ್ಮದಿಯಾಗಿರುತ್ತಾನೆ. ರಕ್ತ ಅದೇ, ನಿಕೋಟಿನ್ ಇಳಿದಿರುವುದೂ ಅಷ್ಟೇ. ‘ಇನ್ನೇನು ಸೇದಬಹುದು’ ಎಂಬ ಸಾಧ್ಯತೆ ಹತ್ತಿರ ಇದೆಯೋ ಇಲ್ಲವೋ, ಬದಲಾಗಿರುವುದು ಅದೊಂದೇ.

ಡಾರ್ ಇದಕ್ಕೂ ಮೊದಲು, 2005ರಲ್ಲಿ, ಸಂಪ್ರದಾಯಸ್ಥ ಯಹೂದಿ ಧೂಮಪಾನಿಗಳನ್ನು ಅಧ್ಯಯನ ಮಾಡಿದ್ದರು. ಅವರ ಸಬ್ಬತ್ ದಿನ ಬೆಂಕಿ ಹೊತ್ತಿಸುವುದು ನಿಷಿದ್ಧ, ಹಾಗಾಗಿ ಸಿಗರೇಟೂ ಇಲ್ಲ. ಅದೇ ಜನಕ್ಕೆ ವಾರದ ಬೇರೊಂದು ದಿನ ‘ಇವತ್ತು ಸೇದಬೇಡಿ’ ಎಂದು ಸಂಶೋಧಕರು ಹೇಳಿದರೆ ಒದ್ದಾಟ. ಸಬ್ಬತ್ತಿನಂದು ಅಷ್ಟೇ ಹೊತ್ತು ಬಿಟ್ಟರೂ ಆ ಒದ್ದಾಟ ಎಷ್ಟೋ ಕಡಿಮೆ.

ಇದನ್ನು ಓದುತ್ತಿದ್ದ ಹಾಗೇ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಕಾರ್ತಿಕ ಮಾಸ. ಕಪ್ಪು ಪಂಚೆ, ಕೊರಳಲ್ಲಿ ತುಳಸಿ ಮಾಲೆ, ಬರಿಗಾಲು. ಬೆಂಗಳೂರಿನ ಆಟೊ ಸ್ಟ್ಯಾಂಡಿನಿಂದ ಹಿಡಿದು ಹಳ್ಳಿಯ ಗ್ಯಾರೇಜಿನವರೆಗೆ ಕರ್ನಾಟಕದ ಯಾವ ಬೀದಿಯಲ್ಲಿ ನವೆಂಬರ್ ಡಿಸೆಂಬರಿನಲ್ಲಿ ಅಯ್ಯಪ್ಪ ಮಾಲಾಧಾರಿಗಳಿಲ್ಲ? ಅವರಲ್ಲಿ ಎಷ್ಟು ಜನ ಮಾಲೆ ಹಾಕುವ ಹಿಂದಿನ ರಾತ್ರಿವರೆಗೂ ಪ್ಯಾಕುಗಟ್ಟಲೆ ಸೇದುತ್ತಿದ್ದವರು, ಕಟ್ಟುಗಟ್ಟಲೆ ಬೀಡಿ ಎಳೆಯುತ್ತಿದ್ದವರು! ಮಂಡಲ ವ್ರತವೆಂದರೆ 41 ದಿನ. ಮುಂಜಾನೆ ತಣ್ಣೀರು ಸ್ನಾನ, ಮಾಂಸ ಇಲ್ಲ, ಮದ್ಯ ಇಲ್ಲ, ಬೀಡಿ ಸಿಗರೇಟು ಇಲ್ಲ. ಒದ್ದಾಡಿ ಒದ್ದಾಡಿ ಒಂದು ವಾರವೂ ಬಿಡಲಾಗದವನು ಆ ದಿನಗಳನ್ನು ಸಲೀಸಾಗಿ ದಾಟುತ್ತಾನೆ. ಹೆಂಡತಿ ಮಕ್ಕಳಿಗೇ ಆಶ್ಚರ್ಯ. ‘ಆಗ ಹೇಗೆ ಬಿಡ್ತಿಯಪ್ಪಾ?’ ಎಂದು ಕೇಳಿದರೆ ಎಲ್ಲರೂ ಹೇಳುವುದು ಒಂದೇ ಮಾತು: ‘ಮಾಲೆ ಹಾಕಿದ್ದೀನಲ್ಲ, ನೆನಪೇ ಬರಲ್ಲ.’ ರಂಜಾನಿನ ಹಗಲುಗಳಲ್ಲಿ ನಮ್ಮ ಮುಸ್ಲಿಂ ಗೆಳೆಯರ ಬಾಯಿಂದಲೂ ಇದೇ ಮಾತು ಕೇಳಿದ್ದೇನೆ; ಉಪವಾಸ ಬಿಡುವ ಹೊತ್ತು ಹತ್ತಿರವಾದಾಗ ಮಾತ್ರ ಜೀವ ಹಾತೊರೆಯುತ್ತದೆ ಅನ್ನುತ್ತಾರೆ. ಇಳಿಯಲಿರುವ ವಿಮಾನದ ಹಾಗೆಯೇ!

ವ್ರತದಲ್ಲಿರುವವನ ಸುತ್ತ ಏನೇನು ನಡೆಯುತ್ತದೆ ಎಂದು ಗಮನಿಸಿ. ಮಾಲೆ ಕೊರಳಿಗೆ ಬಿದ್ದ ಗಳಿಗೆಯಿಂದ ಅವನು ಸೀನನೂ ಅಲ್ಲ ಮಂಜನೂ ಅಲ್ಲ, ‘ಸ್ವಾಮಿ’. ಹೆಂಡತಿ, ಮಾಲೀಕ, ಪೊಲೀಸ್ ಪೇದೆ, ತರಕಾರಿ ಅಂಗಡಿಯಾಕೆ ಎಲ್ಲರೂ ಕರೆಯುವುದು ಹಾಗೆಯೇ. ಉಡುಪು ಬೇರೆಯಾಯಿತು, ಏಳುವ ಹೊತ್ತು ಬೇರೆಯಾಯಿತು, ಊಟ ಬೇರೆ, ಸಂಜೆ ಕೂರುವ ಜಾಗವೂ ಬೇರೆ: ಬಾರಿನ ಮುಂದಿನ ಕಟ್ಟೆಯ ಬದಲು ಭಜನೆಯ ಚಾಪೆ. ಜೊತೆಗಾರರೆಲ್ಲ ಅದೇ ವ್ರತದವರು, ತಪ್ಪಿದರೆ ಕೇಳಲು ಗುರುಸ್ವಾಮಿ ಇದ್ದಾರೆ. ಇವೆಲ್ಲಕ್ಕಿಂತ ಮಿಗಿಲಾಗಿ, ಗೂಡಂಗಡಿಯವನೇ ‘ಸ್ವಾಮಿ, ನಿಮಗೆ ಬೇಡ’ ಅನ್ನುತ್ತಾನೆ. ‘ಸೇದಲೋ ಬೇಡವೋ’ ಎಂಬ ಚರ್ಚೆಗೇ ಅವಕಾಶ ಇಲ್ಲ. ಆ ಚರ್ಚೆಯೇ ಅಲ್ಲವೇ ಮನುಷ್ಯನನ್ನು ಸುಸ್ತು ಮಾಡುವುದು?

ಈಗ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಡುತ್ತೇನೆ. ಹೀಗೆ ಇಡುತ್ತಿರುವವನು ನಾನು, ಯಾವ ವಿಜ್ಞಾನಿಯೂ ಅಲ್ಲ. ವರ್ಷಗಟ್ಟಲೆ ನಿಕೋಟಿನ್ ಉಂಡ ಮಿದುಳಿನಲ್ಲಿ ಅದರ ಗ್ರಾಹಕಗಳು ಮಾಮೂಲಿಗಿಂತ ಹೆಚ್ಚಾಗಿರುತ್ತವೆ. ಬಿಟ್ಟ ಮೇಲೆ ಅವು ಇಳಿಯುತ್ತಾ ಬಂದು, ಎಂದೂ ಸೇದದವರ ಮಟ್ಟ ಮುಟ್ಟುವುದು 6ರಿಂದ 12 ವಾರಗಳಲ್ಲಿ. ಯೇಲ್ ವಿಶ್ವವಿದ್ಯಾಲಯದ ಕೆಲ್ಲಿ ಕಾಸ್‌ಗ್ರೋವ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಮಿದುಳಿನ ಸ್ಕ್ಯಾನ್‌ನಿಂದಲೇ ತೋರಿಸಿದರು. ಮಂಡಲ ವ್ರತವೋ, 41 ದಿನ. ಆರು ವಾರಕ್ಕೆ ಬರೀ ಒಂದು ದಿನ ಕಡಿಮೆ! ಶಬರಿಮಲೆಯಿಂದ ಬಂದು, ಗುಡಿಯಲ್ಲಿ ಮಾಲೆ ತೆಗೆದು, ಹೊರಗೆ ಬಂದು ಅದೇ ಗೂಡಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳುವ ಮನುಷ್ಯನಿಗೆ ಗೊತ್ತಿದೆಯೇ, ತಾನು ದಾಟಿಬಂದದ್ದು ಎಂಥ ನದಿಯನ್ನು ಎಂದು? ಅತಿ ಕಷ್ಟದ ದಿನಗಳೆಲ್ಲ ಹಿಂದೆ ಉಳಿದಿವೆ. ಮಿದುಳು ರಿಪೇರಿಯ ಕೊನೆಯ ಹಂತಕ್ಕೆ ಕಾಲಿಡುತ್ತಿದೆ. ಆ ಹೊತ್ತಿನಲ್ಲೇ ಅವನು ಮತ್ತೆ ಮೊದಲಿನ ದಮ್ಮು ಎಳೆಯುತ್ತಾನೆ. ನೆನೆದರೆ ಹೊಟ್ಟೆ ಉರಿಯುತ್ತದೆ. ಯಾರಾದರೂ ಅವನ ಭುಜ ಹಿಡಿದು, ‘ಸ್ವಾಮಿ, ಮಾಲೆ ತೆಗೀರಿ, ಇದನ್ನೊಂದು ಮುಂದುವರಿಸಿ’ ಎನ್ನಬಾರದೇ?

ಹಾಗಾದರೆ ಇಚ್ಛಾಶಕ್ತಿ ಎಂಬುದೇ ಇಲ್ಲವೇ? ಇದೆ, ನಾವು ಅದನ್ನು ಹುಡುಕುತ್ತಿದ್ದ ಜಾಗ ಮಾತ್ರ ಬೇರೆ. ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದ 205 ಮಂದಿಗೆ ವಿಲ್ಹೆಲ್ಮ್ ಹಾಫ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಮತ್ತವರ ತಂಡ ಒಂದೊಂದು ಸಾಧನ ಕೊಟ್ಟು, ದಿನಕ್ಕೆ ಹಲವು ಸಲ ‘ಈಗ ಏನಾದರೂ ಆಸೆಯಾಗುತ್ತಿದೆಯೇ, ತಡೆಯುತ್ತಿದ್ದೀರಾ’ ಎಂದು ಕೇಳಿತು. ಏಳು ಸಾವಿರಕ್ಕೂ ಮೀರಿ ಆಸೆಗಳ ಪಟ್ಟಿ! ಆತ್ಮಸಂಯಮ ಹೆಚ್ಚಿರುವವರು ಆಸೆಗಳೊಡನೆ ಹೆಚ್ಚು ಹೊತ್ತು ಗುದ್ದಾಡುತ್ತಾರೆ ಎಂದು ಯಾರಾದರೂ ಊಹಿಸುತ್ತಾರೆ. 2012ರಲ್ಲಿ ಪ್ರಕಟವಾದ ಫಲಿತಾಂಶ ಇದಕ್ಕೆ ತಿರುಗುಮುರುಗು: ಅವರಿಗೆ ಅಂಥ ಗುದ್ದಾಟವೇ ಕಡಿಮೆ. ಅವರ ದಿನಚರಿಯೇ ಪ್ರಲೋಭನೆಗಳಿಗೆ ಎದುರಾಗದಂತೆ ಹೆಣೆದುಕೊಂಡಿರುತ್ತದೆ. ಗೂಡಂಗಡಿಯ ಮುಂದೆ ನಿಂತು ಗೆಲ್ಲುವವನಿಗಿಂತ, ಆ ಬೀದಿಯನ್ನೇ ಬಿಟ್ಟು ಪಕ್ಕದ ಬೀದಿಯಲ್ಲಿ ಹೋಗುವವನೇ ಹೆಚ್ಚು ಗೆಲ್ಲುತ್ತಾನೆ. ಅದು ಹೇಡಿತನವಲ್ಲ, ಮನೋಬಲ ಕೆಲಸ ಮಾಡುವ ಬಗೆಯೇ ಅದು. ಮನೋಬಲವೆಂಬುದು ಬಳಸಿದಷ್ಟೂ ಖರ್ಚಾಗುತ್ತದೆ ಎಂಬ ಸಿದ್ಧಾಂತವೊಂದು 1998ರಿಂದ ಮೆರೆದಿತ್ತು. 2016ರಲ್ಲಿ 23 ಪ್ರಯೋಗಾಲಯಗಳು, ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ ಅದನ್ನು ಮತ್ತೆ ಪರೀಕ್ಷಿಸಿದಾಗ ಪರಿಣಾಮ ಸೊನ್ನೆಯ ಹತ್ತಿರಕ್ಕೆ ಬಂತು. ‘ನನ್ನ ಶಕ್ತಿಯೆಲ್ಲ ಮುಗಿದುಹೋಯಿತು’ ಎಂದು ಕೈಚೆಲ್ಲಿ ಕೂತವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ?

ತುಡಿತ ಬಂದೇ ಬಂತು ಎನ್ನಿ. ಅದರ ಆಯುಸ್ಸು ಕೆಲವೇ ನಿಮಿಷ. ಒಲೆಯ ಮೇಲಿನ ಹಾಲಿನ ಹಾಗೆ, ಉಕ್ಕಿ ಬರುವಾಗ ಪಾತ್ರೆಯನ್ನೇ ಮುಳುಗಿಸುವಂತೆ ಕಾಣುತ್ತದೆ. ಉರಿ ತಗ್ಗಿಸಿ ನೋಡುತ್ತಾ ನಿಂತರೆ ತಾನೇ ಇಳಿಯುತ್ತದೆ. ಸಿಯಾಟಲ್‌ನ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಜನರಿಗೆ ಕಲಿಸಿದ್ದು ಇದನ್ನೇ: ತುಡಿತವನ್ನು ಅದುಮಬೇಡಿ, ಅದಕ್ಕೆ ಮಣಿಯಲೂ ಬೇಡಿ, ಅದು ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ಇರಿ. ಒಂದು ಲೋಟ ನೀರು, ಒಂದು ಸುತ್ತು ನಡಿಗೆ, ಒಬ್ಬ ಗೆಳೆಯನಿಗೊಂದು ಫೋನು ಮುಗಿಯುವಷ್ಟರಲ್ಲಿ ಅದು ಇಳಿದಿರುತ್ತದೆ.

ಇನ್ನು ಕಾಫಿ! ಕನ್ನಡಿಗರಿಗೆ ಇದನ್ನು ಹೇಳದೆ ಇರಲಾರೆ. ದರ್ಶಿನಿಯ ಮುಂದೆ ಬೈ-ಟು ಕಾಫಿ ಹಿಡಿದು ಸಿಗರೇಟು ಹೊತ್ತಿಸುವುದು ನಮ್ಮಲ್ಲಿ ಎಷ್ಟು ಜನರ ಬೆಳಗು. ಸಿಗರೇಟಿನ ಹೊಗೆಯಲ್ಲಿರುವ ಟಾರಿನ ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕೆಫೀನನ್ನು ಕರಗಿಸಿ ಕಳಿಸುವುದೂ ಅದೇ ಕಿಣ್ವ. ಹಾಗಾಗಿ ಸೇದುವವರ ದೇಹದಲ್ಲಿ ಕಾಫಿ ಬೇಗ ಕರಗುತ್ತದೆ. ಸಿಗರೇಟು ಬಿಟ್ಟ ಕೆಲವೇ ದಿನಗಳಲ್ಲಿ ಕಿಣ್ವ ಮಾಮೂಲಿಗೆ ಬರುತ್ತದೆ. ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿ ಕೆಫೀನ್ ಎರಡು ಪಟ್ಟಿಗಿಂತ ಮೇಲೇರುತ್ತದೆ! ನೀಲ್ ಬೆನೊವಿಟ್ಜ್ ಎಂಬ ಅಮೆರಿಕದ ವೈದ್ಯ 1989ರಲ್ಲೇ ಇದನ್ನು ಅಳೆದು ತೋರಿಸಿದ್ದರು. ನಿದ್ದೆ ಬಾರದಿರುವುದು, ಕೈ ನಡುಗುವುದು, ಸಿಡಿಮಿಡಿ, ಎದೆ ಡವಗುಟ್ಟುವುದು ಇವನ್ನೆಲ್ಲ ಬಿಟ್ಟವರು ಸಿಗರೇಟಿನ ಲೆಕ್ಕಕ್ಕೆ ಬರೆದುಕೊಂಡು, ತಡೆಯಲಾರದೆ ಮತ್ತೆ ಹೊತ್ತಿಸುತ್ತಾರೆ. ಅದರಲ್ಲಿ ಒಂದು ಪಾಲು ಕಾಫಿಯದೂ ಇರಬಹುದೆಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಕಾಫಿಯನ್ನು ಅರ್ಧ ಮಾಡಿ, ಅಷ್ಟೇ.

ಬಿಡುವುದು ಒಬ್ಬಂಟಿ ಕೆಲಸವೂ ಅಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರ ಹೃದಯದ ಆರೋಗ್ಯವನ್ನು ತಲೆಮಾರುಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ಅವರಿಗೆ ಯಾರು ಬಂಧು, ಯಾರು ಸ್ನೇಹಿತ ಎಂಬುದೂ ಆ ದಾಖಲೆಗಳಲ್ಲಿತ್ತು. ನಿಕೊಲಾಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ 1971ರಿಂದ 2003ರವರೆಗಿನ 12,067 ಜನರ ಸಂಬಂಧಗಳ ನಕ್ಷೆ ಬರೆದು, ಯಾರು ಯಾವಾಗ ಸಿಗರೇಟು ಬಿಟ್ಟರು ಎಂದು ಗುರುತಿಸುತ್ತಾ ಹೋದರು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು ಕುಸಿಯುತ್ತದೆ. ಗೆಳೆಯ ಬಿಟ್ಟರೆ ಶೇ. 36, ಒಡಹುಟ್ಟಿದವರು ಬಿಟ್ಟರೆ ಶೇ. 25, ಸಣ್ಣ ಕಚೇರಿಯ ಸಹೋದ್ಯೋಗಿ ಬಿಟ್ಟರೆ ಶೇ. 34. ಜನ ಒಬ್ಬೊಬ್ಬರಾಗಿ ಬಿಟ್ಟಿರಲಿಲ್ಲ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರನ್ನೂ ಒಳಗೊಂಡ ಇಡೀ ಗುಂಪುಗಳು ಒಟ್ಟೊಟ್ಟಿಗೆ ಬಿಟ್ಟಿದ್ದವು! ನೀವು ಬಿಟ್ಟರೆ, ನಿಮ್ಮ ಗೆಳೆಯನ ಗೆಳೆಯ, ನೀವು ಮುಖವನ್ನೇ ನೋಡದ ಯಾವನೋ, ಬಿಡುವ ದಾರಿಗೆ ಬರಬಹುದು. ಇದನ್ನು ಓದಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಬೆರಗನ್ನು ಕೊನೆಗೆಂದು ಉಳಿಸಿಕೊಂಡಿದ್ದೆ. ‘ಇಷ್ಟು ವರ್ಷ ಸೇದಿ ಆಯಿತು, ಒಳಗೆಲ್ಲ ಸುಟ್ಟು ಕರಕಲಾಗಿದೆ, ಇನ್ನು ಬಿಟ್ಟು ಏನು ಪ್ರಯೋಜನ?’ ವಯಸ್ಸಾದ ಧೂಮಪಾನಿಗಳು ಮತ್ತೆ ಮತ್ತೆ ಹೇಳುವ ಮಾತಿದು. ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ಪೀಟರ್ ಕ್ಯಾಂಪ್‌ಬೆಲ್ ಮತ್ತು ಲಂಡನ್ ಯೂನಿವರ್ಸಿಟಿ ಕಾಲೇಜಿನ ಸ್ಯಾಮ್ ಜೇನ್ಸ್ ಅವರ ತಂಡ 16 ಜನರ ಶ್ವಾಸನಾಳದ ಒಳಪದರದಿಂದ ಜೀವಕೋಶಗಳನ್ನು ತೆಗೆದು, ಒಂದೊಂದನ್ನೂ ಬೆಳೆಸಿ, ಅವುಗಳ ಡಿಎನ್ಎ ಓದಿತು. ಸೇದುತ್ತಿರುವವರ ಕೋಶಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹಾನಿಗೊಳಗಾಗಿದ್ದವು, ಕೆಲವುಗಳಲ್ಲಿ ಹತ್ತು ಸಾವಿರದವರೆಗೂ ಹೆಚ್ಚುವರಿ ರೂಪಾಂತರಗಳು. ಇದು ನಿರೀಕ್ಷಿಸಿದ್ದೇ. ಬಿಟ್ಟವರ ಶ್ವಾಸನಾಳದಲ್ಲಿ ಕಂಡದ್ದನ್ನು ಮಾತ್ರ ಯಾರೂ ನಿರೀಕ್ಷಿಸಿರಲಿಲ್ಲ. ಅಲ್ಲಿ ಶೇ. 40ರವರೆಗೆ ಕೋಶಗಳು ಎಂದೂ ಹೊಗೆ ಕಾಣದವರ ಕೋಶಗಳ ಹಾಗೇ ಇದ್ದವು! ಸೇದುತ್ತಿರುವವರಿಗಿಂತ ನಾಲ್ಕು ಪಟ್ಟು. ಹಾನಿಯಾದ ಕೋಶಗಳು ತಮ್ಮನ್ನು ತಾವು ರಿಪೇರಿ ಮಾಡಿಕೊಂಡದ್ದಲ್ಲ ಇದು. ಹೊಗೆಯ ಕೈಗೆ ಸಿಗದೆ ಎಲ್ಲೋ ಸುಪ್ತವಾಗಿ ಉಳಿದಿದ್ದ ಕೆಲವು ಕೋಶಗಳು, ಹೊಗೆ ನಿಂತ ಮೇಲೆ ಎದ್ದು, ಹರಡಿಕೊಂಡು, ಸುಟ್ಟವುಗಳ ಜಾಗವನ್ನು ತುಂಬುತ್ತಿರುವಂತೆ ಕಾಣುತ್ತದೆ. ಹತ್ತಾರು ವರ್ಷ ಸೇದಿದವರ ಎದೆಯೊಳಗೂ ಅಂಥ ಕೋಶಗಳು ಕಾದು ಕೂತಿವೆ! 2020ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವರದಿ ಬಂತು. ಶ್ವಾಸಕೋಶದ ಎಲ್ಲ ಹಾನಿಯೂ ಹೀಗೆ ಅಳಿಸಿಹೋಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆಯಲ್ಲಿ ಹರಿದುಹೋದ ಗಾಳಿಚೀಲ ಹಿಂದಿರುಗಿ ಬರುವುದಿಲ್ಲ.

ಲೆಕ್ಕ ಬೇಕೆಂದವರಿಗೆ ಲೆಕ್ಕವೂ ಇದೆ. ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ ಐವತ್ತು ವರ್ಷ ಬ್ರಿಟನ್ನಿನ 34,439 ಪುರುಷ ವೈದ್ಯರನ್ನು ಬೆನ್ನುಹತ್ತಿದರು. ಸೇದುತ್ತಲೇ ಇದ್ದವರು ಕಳೆದುಕೊಂಡದ್ದು ಸುಮಾರು ಹತ್ತು ವರ್ಷ ಆಯುಸ್ಸು. 30ಕ್ಕೆ ಬಿಟ್ಟವರು ಆ ಹತ್ತನ್ನೂ ಹೆಚ್ಚುಕಡಿಮೆ ಉಳಿಸಿಕೊಂಡರು. 40ಕ್ಕೆ ಬಿಟ್ಟವರು ಒಂಬತ್ತು, 50ಕ್ಕೆ ಬಿಟ್ಟವರು ಆರು, 60ಕ್ಕೆ ಬಿಟ್ಟವರೂ ಮೂರು ವರ್ಷ ಗಳಿಸಿದರು. ಅರವತ್ತಕ್ಕೆ ಬಿಟ್ಟರೂ ಮೂರು ವರ್ಷ! ಮೊಮ್ಮಗಳನ್ನು ಶಾಲೆಗೆ ಬಿಟ್ಟುಬರುವ ಮೂರು ವರ್ಷ. ಸ್ವತಃ ಡಾಲ್, ತಮ್ಮ ಮೊದಲ ಅಂಕಿ ಅಂಶಗಳು ಕೈಗೆ ಬಂದಾಗಲೇ ಸೇದುವುದನ್ನು ನಿಲ್ಲಿಸಿದ್ದರು. 92 ವರ್ಷ ಬದುಕಿದರು.

ಮನೋಬಲದ ಜೊತೆಗೆ ಔಷಧಿಯೂ ಇದೆ, ಅದನ್ನು ತೆಗೆದುಕೊಳ್ಳುವುದು ಸೋಲಲ್ಲ. ನಿಕೋಟಿನ್ ಚೂಯಿಂಗ್ ಗಮ್ ನಮ್ಮ ಔಷಧಿ ಅಂಗಡಿಗಳಲ್ಲೇ ಸಿಗುತ್ತದೆ. ಅದು ಹುಟ್ಟಿದ ಕಥೆ ಶುರುವಾಗುವುದು ಸ್ವೀಡನ್ನಿನ ಜಲಾಂತರ್ಗಾಮಿಗಳಲ್ಲಿ: ಅಲ್ಲಿ ಸೇದಲಾಗದ ನಾವಿಕರು ಬಾಯಲ್ಲಿಡುವ ತಂಬಾಕಿಗೆ ಬದಲಾದದ್ದನ್ನು 1960ರ ದಶಕದಲ್ಲಿ ವಿಜ್ಞಾನಿಗಳು ಗಮನಿಸಿದರು. ಲ್ಯಾಬರ್ನಮ್ ಎಂಬ ಹಳದಿ ಹೂವಿನ ಮರದಲ್ಲಿರುವ ಸೈಟಿಸಿನ್, ನಿಕೋಟಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಬಲ್ಗೇರಿಯಾದವರು ಅರವತ್ತರ ದಶಕದಿಂದಲೇ ಇದನ್ನು ಮಾತ್ರೆ ಮಾಡಿ ಕೊಡುತ್ತಾ ಬಂದರು. ಅದರ ಜಾಡಿನಲ್ಲೇ ಹುಟ್ಟಿದ್ದು ವರೆನಿಕ್ಲಿನ್. ಯಾರಿಗೆ ಯಾವುದು ಎಂಬುದನ್ನು ವೈದ್ಯರು ಹೇಳಬೇಕು.

ಇಷ್ಟು ಓದಿದ ಮೇಲೂ ‘ನಾನು ಎಷ್ಟೋ ಸಲ ಬಿಟ್ಟು ಸೋತವನು’ ಎನ್ನುವವರು ಇದ್ದೀರಿ, ನನಗೆ ಗೊತ್ತು. ಕೆನಡಾದ ಒಂಟಾರಿಯೊದಲ್ಲಿ 2016ರಲ್ಲಿ ಲೆಕ್ಕ ಹಾಕಿದಾಗ ಕಂಡದ್ದು, ನಿಜವಾಗಿ ಬಿಟ್ಟವರಲ್ಲಿ ಅನೇಕರು 30ಕ್ಕೂ ಹೆಚ್ಚು ಸಲ ಪ್ರಯತ್ನಿಸಿರಬಹುದು ಎಂದು. ಹಾಗೆ ನೋಡಿದರೆ ನೀವು ಸೋತವರಲ್ಲ, ಅರ್ಧ ದಾರಿ ಬಂದವರು. ದಿನ ಗೊತ್ತುಮಾಡಿ, ಅಂದು ಒಮ್ಮೆಗೇ ನಿಲ್ಲಿಸಿ. ಆಕ್ಸ್‌ಫರ್ಡಿನವರು 697 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ದಿನಕ್ಕಿಷ್ಟೆಂದು ಇಳಿಸುತ್ತಾ ಬಂದವರಿಗಿಂತ ಒಮ್ಮೆಗೇ ನಿಲ್ಲಿಸಿದವರೇ ಹೆಚ್ಚು ಉಳಿದುಕೊಂಡರು. ಮಾಲೆ ಬೀಳುವುದೂ ಹಾಗೆಯೇ, ಒಂದು ಮುಂಜಾನೆ. ಒಬ್ಬ ಗೆಳೆಯನನ್ನು ಜೊತೆಗೆ ಕರೆದುಕೊಳ್ಳಿ. ಗೂಡಂಗಡಿಯವರಿಗೇ ಹೇಳಿಬಿಡಿ, ಕೇಳಿದರೂ ಕೊಡಬೇಡ ಎಂದು. ಮತ್ತೆ, 1800-11-2356ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ. ತಂಬಾಕು ಬಿಡಲು ನೆರವಾಗುವ ಈ ರಾಷ್ಟ್ರೀಯ ಸೇವೆಯ ಒಂದು ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು. ನಂಬರು ಬರೆದಿಟ್ಟುಕೊಳ್ಳಬೇಕಾಗಿಯೂ ಇಲ್ಲ: 2018ರ ಸೆಪ್ಟೆಂಬರಿನಿಂದ ಅದನ್ನು ಸಿಗರೇಟು ಪ್ಯಾಕಿನ ಮೇಲೆಯೇ ಮುದ್ರಿಸುತ್ತಿದ್ದಾರೆ.